ಒಂದು ಲೋಟ, ಒಂದು ಬಾಚಣಿಗೆ, ಉಟ್ಟ ಸೀರೆ

(ಮಂಗಳೂರಿನಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಓದುವ ಬಳಗದಲ್ಲಿ ಹನ್ನೊಂದು ಜನ ಇದ್ದೇವೆ. ಎಲ್ಲರೂ ಹೆಂಗಸರು. ತಿಂಗಳ ಎರಡನೇ ಶನಿವಾರ, ಮಧ್ಯಾಹ್ನದ ಊಟ ಮುಗಿಸಿ, ಕದ್ರಿಯಲ್ಲಿ ಒಬ್ಬರ ಮನೆಯ ಚಾವಡಿಯಲ್ಲಿ ಸೇರುತ್ತೇವೆ. ನಿವೃತ್ತರಾದ ನರ್ಸ್ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿದ್ದಾರೆ. ಬಟ್ಟೆ ಹೊಲಿಯುವವರಿದ್ದಾರೆ. ಎಂಜಿನಿಯರಿಂಗ್ ಓದುವ ಒಬ್ಬಳು ಹುಡುಗಿಯೂ ಇದ್ದಾಳೆ. ಈ ಪುಸ್ತಕ ತಂದವಳು ಅವಳೇ. ಹ್ಯಾರಿ ಪಾಟರ್ ಸಿನಿಮಾಗಳ ಎಮ್ಮಾ ವಾಟ್ಸನ್ 2016ರ ಜನವರಿಯಲ್ಲಿ ಒಂದು ಓದುವ ಬಳಗ ಶುರು ಮಾಡಿದ್ದರು. ಅದರಲ್ಲಿ ಮೊಟ್ಟಮೊದಲು ಆರಿಸಿದ ಪುಸ್ತಕ ಇದು ಅಂತ ಎಲ್ಲೋ ಓದಿ, ನಾವೂ ಓದೋಣ ಅಂದಳು. ಗ್ಲೋರಿಯಾ ಸ್ಟೈನಮ್ ಬರೆದ 'ಮೈ ಲೈಫ್ ಆನ್ ದಿ ರೋಡ್'. ದಾರಿಯ ಮೇಲೆ ಕಳೆದ ಬದುಕಿನ ಕಥೆ.

ನಮ್ಮಲ್ಲಿ ನಾಲ್ಕು ಜನರಿಗೆ ಇಂಗ್ಲಿಷ್ ಓದುವುದು ಕಷ್ಟ. ಹಾಗಾಗಿ ಇಬ್ಬರು ಓದಿಕೊಂಡು ಬಂದು, ಒಂದೊಂದೇ ಅಧ್ಯಾಯವನ್ನು ಕನ್ನಡದಲ್ಲಿ ಹೇಳುವುದು ಎಂದಾಯಿತು. ಹೇಳುತ್ತಾ ಹೇಳುತ್ತಾ ಅದು ತುಳುವಿಗೂ ಕೊಂಕಣಿಗೂ ಹೊರಳುತ್ತಿತ್ತು. ಒಂದು ಶನಿವಾರಕ್ಕೆ ಮುಗಿಯುತ್ತದೆ ಅಂದುಕೊಂಡ ಪುಸ್ತಕ ಮೂರು ಶನಿವಾರ ಹಿಡಿಯಿತು. ಆ ಮೂರು ಶನಿವಾರಗಳ ವಿಷಯವನ್ನೇ ಇವತ್ತು ನಿಮ್ಮ ಹತ್ತಿರ ಹೇಳಬೇಕು ಅಂತ ಬಂದಿದ್ದೇನೆ.

ಸ್ಟೈನಮ್ ಯಾರು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 1934ರಲ್ಲಿ ಅಮೆರಿಕದ ಒಹಾಯೋದಲ್ಲಿ ಹುಟ್ಟಿದವರು. ಪತ್ರಕರ್ತೆ. ಎಪ್ಪತ್ತರ ದಶಕದ ಶುರುವಿನಲ್ಲಿ ಗೆಳತಿಯರ ಜೊತೆ ಸೇರಿ 'ಮಿಝ್' ಎಂಬ ಪತ್ರಿಕೆ ತಂದರು. ಮಿಸ್, ಮಿಸೆಸ್ ಅಂತ ಬರೆದರೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಹೆಸರಿನ ಮುಂದೆಯೇ ಬಂದುಬಿಡುತ್ತದೆ, ಅಲ್ವಾ? ನಮ್ಮ ಕುಮಾರಿ, ಶ್ರೀಮತಿಯೂ ಹಾಗೆಯೇ. ಗಂಡಸರಿಗೆ ಮಾತ್ರ ಒಂದೇ ಶ್ರೀ. ಆ ಎರಡೂ ಬೇಡ ಅಂದವರು ಬಳಸಿದ ಮಾತು ಅದು. ಈ ಪುಸ್ತಕ 2015ರಲ್ಲಿ ಬಂದಾಗ ಅವರಿಗೆ 81 ವರ್ಷ.

ಮೊದಲ ಶನಿವಾರ ನಾವು ಅರ್ಪಣೆಯ ಪುಟದಲ್ಲೇ ನಿಂತುಬಿಟ್ಟೆವು. ಪುಸ್ತಕವನ್ನು ಅವರು ಅರ್ಪಿಸಿದ್ದು ಲಂಡನ್ನಿನ ಒಬ್ಬ ಡಾಕ್ಟರಿಗೆ, ಜಾನ್ ಶಾರ್ಪ್ ಎಂಬವರಿಗೆ. 1957ರಲ್ಲಿ ಸ್ಟೈನಮ್ 22 ವರ್ಷದ ಹುಡುಗಿ. ಊರಿನಲ್ಲಿ ನಿಶ್ಚಯವಾದ ಮದುವೆ ಮುರಿದುಕೊಂಡು ಭಾರತಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ಲಂಡನ್ನಿನಲ್ಲಿ, ತಾನು ಬಸಿರಾಗಿದ್ದೇನೆ ಎಂದು ಗೊತ್ತಾಗುತ್ತದೆ. ಆಗ ಇಂಗ್ಲೆಂಡಿನಲ್ಲಿ ಗರ್ಭಪಾತಕ್ಕೆ ಕಾನೂನಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆ ಡಾಕ್ಟರು ಅಪಾಯವನ್ನು ತನ್ನ ಮೇಲೆ ಎಳೆದುಕೊಂಡು ಸಹಾಯ ಮಾಡಿದರು. ಬದಲಿಗೆ ಎರಡು ಮಾತು ಕೇಳಿದರು. ನನ್ನ ಹೆಸರು ಯಾರಿಗೂ ಹೇಳಬಾರದು. ನಿನ್ನ ಬದುಕಿನಲ್ಲಿ ನಿನಗೆ ಬೇಕಾದದ್ದನ್ನು ನೀನು ಮಾಡಬೇಕು. ಸುಮಾರು ಅರವತ್ತು ವರ್ಷ ಆದ ಮೇಲೆ, ಆ ಡಾಕ್ಟರು ಬದುಕಿಲ್ಲದ ಕಾಲದಲ್ಲಿ, ಹೆಸರು ಹೇಳಿ ಪುಸ್ತಕವನ್ನು ಅವರ ಕೈಗಿಡುತ್ತಾರೆ.

ಇದನ್ನು ಓದಿ ಹೇಳಿದ ಮೇಲೆ ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ನರ್ಸ್ ಅಕ್ಕ ಮೆಲ್ಲಗೆ ಶುರು ಮಾಡಿದರು. ಭಾರತದಲ್ಲಿ ಇದಕ್ಕೆ ಕಾನೂನು ಬಂದದ್ದು 1971ರಲ್ಲಿ. ಅವರು ಕೆಲಸಕ್ಕೆ ಸೇರಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಆದರೂ ಕಾನೂನು ಉಂಟು ಅಂತ ಗೊತ್ತಿಲ್ಲದೆ, ಮನೆಯವರಿಗೆ ಹೆದರಿ, ಯಾರ್ಯಾರದೋ ಕೈಗೆ ಸಿಕ್ಕಿ, ಕೊನೇ ಗಳಿಗೆಯಲ್ಲಿ ಆಸ್ಪತ್ರೆಗೆ ಬಂದವರನ್ನು ಅವರು ನೋಡಿದ್ದಾರೆ. ಹೆಸರು, ಊರು ಒಂದೂ ಹೇಳಲಿಲ್ಲ. "ಅವರಿಗೆಲ್ಲ ಒಬ್ಬ ಡಾಕ್ಟರು, 'ನಿನಗೆ ಬೇಕಾದ್ದನ್ನು ಮಾಡು ಮಗಾ' ಅಂತ ಹೇಳಿದ್ದಿದ್ದರೆ" ಅಂದರು. ಅವತ್ತು ಅಷ್ಟಕ್ಕೇ ಎದ್ದೆವು. ಮುಂದಿನ ಪುಟಕ್ಕೆ ಹೋಗಲು ಯಾರಿಗೂ ಮನಸ್ಸು ಬರಲಿಲ್ಲ.

ಎರಡನೇ ಶನಿವಾರ ಅಪ್ಪ ಅಮ್ಮನ ಕಥೆ. ಅಪ್ಪ ಹಳೆಯ ಸಾಮಾನು ಕೊಂಡು ಮಾರುವವರು. ಬೇಸಿಗೆಯಲ್ಲಿ ಮಿಶಿಗನ್‌ನ ಒಂದು ಕೆರೆಯ ದಡದಲ್ಲಿ ರೆಸಾರ್ಟ್ ನಡೆಸುತ್ತಿದ್ದರು. ಚಳಿ ಶುರುವಾಗುವ ಹೊತ್ತಿಗೆ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿ, ಹಿಂದೆ ಟ್ರೇಲರ್ ಕಟ್ಟಿಕೊಂಡು, ಫ್ಲಾರಿಡಾವೋ ಕ್ಯಾಲಿಫೋರ್ನಿಯಾವೋ ಅಂತ ಹೊರಟುಬಿಡುತ್ತಿದ್ದರು. ಹಾಗಾಗಿ ಚಿಕ್ಕಂದಿನಲ್ಲಿ ಈ ಹುಡುಗಿಗೆ ಒಂದು ವರ್ಷ ಪೂರ್ತಿ ಶಾಲೆ ಅನ್ನುವುದೇ ಇರಲಿಲ್ಲ. ಅಮ್ಮ ಒಂದು ಕಾಲದಲ್ಲಿ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಮದುವೆ, ಮಕ್ಕಳು ಅಂತ ಅದನ್ನು ಬಿಟ್ಟರು. ಮಗಳು ಹುಟ್ಟುವ ಮೊದಲೇ ಮನಸ್ಸಿನ ಕಾಯಿಲೆ ಅವರನ್ನು ಹಿಡಿದಿತ್ತು. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮನನ್ನು ನೋಡಿಕೊಂಡದ್ದು ಈ ಹುಡುಗಿ, ಬಹುಮಟ್ಟಿಗೆ ಒಬ್ಬಳೇ.

ಮನೆಯಲ್ಲಿ ನಿಲ್ಲದ ಗಂಡಸಿನ ಕಥೆ ನಮಗೆ ಹೊಸದಲ್ಲ. ನಮ್ಮ ಜಿಲ್ಲೆಗಳಿಂದ ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಹೋದವರು, ಆಮೇಲೆ ಗಲ್ಫಿಗೆ ಹೋದವರು ಎಷ್ಟು ಜನ! ಅವರು ಕಳಿಸಿದ ದುಡ್ಡಿನ ಕಥೆ ಗೊತ್ತು. ತಂದ ಪೆಟ್ಟಿಗೆಗಳ ಕಥೆ ಗೊತ್ತು. ಇಲ್ಲಿ ಉಳಿದ ಹೆಂಡತಿಯ ದಿನಗಳು ಹೇಗಿದ್ದವು ಅಂತ ಯಾರು ಬರೆದರು? ನಮ್ಮ ಬಳಗದಲ್ಲಿ ಮೂರು ಜನರ ಅಪ್ಪಂದಿರು ಹಾಗೆ ಹೋದವರು. ಅವತ್ತು ಮೂರೂ ಜನ ಅಮ್ಮನ ಬಗ್ಗೆಯೇ ಮಾತಾಡಿದರು. ಒಬ್ಬರು ಅಂದರು: "ನನ್ನ ಅಮ್ಮ ಬೊಂಬಾಯಿ ನೋಡಲೇ ಇಲ್ಲ. ಆದರೆ ಬೊಂಬಾಯಿಯ ಒಂದು ಅಡ್ರೆಸ್ ಬಾಯಿಪಾಠ ಇತ್ತು."

ಈಗ ಭಾರತದ ಭಾಗಕ್ಕೆ ಬರುತ್ತೇನೆ. ನಾವು ಹೆಚ್ಚು ಹೊತ್ತು ಕೂತದ್ದು ಇಲ್ಲಿಯೇ.

ಸ್ಟೈನಮ್ ಇಲ್ಲಿ ಸುಮಾರು ಎರಡು ವರ್ಷ ಇದ್ದರು. ದೆಹಲಿಯ ಮಿರಾಂಡಾ ಹೌಸ್ ಎಂಬ ಹೆಂಗಸರ ಕಾಲೇಜಿನಲ್ಲಿ ಉಳಿದುಕೊಂಡರು. ಆಮೇಲೆ ರೈಲು ಹತ್ತಿ ತೆಂಕಣಕ್ಕೆ ಬಂದರು. ಮೂರನೇ ದರ್ಜೆ, ಹೆಂಗಸರ ಡಬ್ಬಿ. ಅಲ್ಲಿಯ ಹೆಂಗಸರು ತಾವು ತಂದ ಬುತ್ತಿ ಹಂಚುತ್ತಾರೆ. ಸ್ಟೇಷನ್ ಬಂದಾಗ ಇವರ ಪರವಾಗಿ ಚಹಾದವನ ಹತ್ತಿರ ಚೌಕಾಸಿ ಮಾಡುತ್ತಾರೆ. ಸೀರೆ ಉಡುವುದು ಹೀಗಲ್ಲ ಹಾಗೆ ಅಂತ ತೋರಿಸುತ್ತಾರೆ. ಕೂಡಲೇ ಪ್ರಶ್ನೆ ಶುರು. ಮದುವೆ ಯಾಕೆ ಆಗಿಲ್ಲ? ಮಕ್ಕಳು ಆಗದ ಹಾಗೆ ನಿಮ್ಮ ಕಡೆ ಏನು ಮಾಡುತ್ತಾರೆ? ಗೆಳತಿಯರೇ, ಇದನ್ನು ಓದುವಾಗ ನಾವೆಲ್ಲ ನಕ್ಕೆವು. ಮತ್ಸ್ಯಗಂಧ ರೈಲಿನಲ್ಲಿ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಉಡುಪಿಯಲ್ಲಿ ಹತ್ತಿದವರ ಮನೆಯ ಕಥೆಯೆಲ್ಲ ಭಟ್ಕಳ ಬರುವುದರೊಳಗೆ ಎದುರು ಸೀಟಿನವರಿಗೆ ಗೊತ್ತಾಗಿರುತ್ತದೆ.

ತಮಿಳುನಾಡಿನ ರಾಮನಾಡು ಕಡೆ ಆಗ ಜಾತಿ ಗಲಭೆ. 1957ರಲ್ಲಿ ಮುದುಕುಳತ್ತೂರು ಸುತ್ತ ನಡೆದ ಸಾವುನೋವು ಚರಿತ್ರೆಯಲ್ಲಿದೆ. ವಿನೋಬಾ ಭಾವೆಯವರ ದಾರಿಯಲ್ಲಿ ನಡೆಯುವ ಒಂದು ಗುಂಪು ಅಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿತ್ತು. ಜನರನ್ನು ಕೂರಿಸಿ ಮಾತಾಡಿಸುವುದು ಅವರ ಕೆಲಸ. ಆ ಗುಂಪಿಗೆ ಒಬ್ಬ ಹೆಂಗಸು ಬೇಕಿತ್ತು. ಯಾಕೆ ಗೊತ್ತಾ? ಗಂಡಸರು ಮನೆಯೊಳಗೆ ಹೋಗಿ ಹೆಂಗಸರನ್ನು ಕರೆಯುವ ಹಾಗಿಲ್ಲ. ಬರೀ ಗಂಡಸರೇ ಇರುವ ಸಭೆಗೆ ಹೆಂಗಸರು ಬರುವುದಿಲ್ಲ. ಹಾಗಾಗಿ ಈ ಅಮೆರಿಕದ ಹುಡುಗಿ ಹೊರಟಳು. ಉಳಿದ ಸಾಮಾನೆಲ್ಲ ಆಶ್ರಮದಲ್ಲಿಟ್ಟು, ಜೊತೆಗೆ ತೆಗೆದುಕೊಂಡದ್ದು ಒಂದು ಲೋಟ, ಒಂದು ಬಾಚಣಿಗೆ, ಉಟ್ಟ ಸೀರೆ. ಅಷ್ಟೇ. ಊಟ ಆಯಾ ಹಳ್ಳಿಯವರದ್ದು.

ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಜನ ವೃತ್ತವಾಗಿ ಕೂರುತ್ತಿದ್ದರು. ಸುಟ್ಟ ಮನೆ, ಸತ್ತವರು, ಹೆದರಿಕೆ ಎಲ್ಲವನ್ನೂ ಒಬ್ಬೊಬ್ಬರಾಗಿ ಹೇಳುತ್ತಿದ್ದರು. ಯಾರೂ ಭಾಷಣ ಮಾಡುತ್ತಿರಲಿಲ್ಲ. ತಮ್ಮ ಕಷ್ಟ ಹೊರಗಿನವರಿಗೂ ಗೊತ್ತಾಯಿತು ಎಂಬುದರಿಂದಲೇ ಜನರ ಭಾರ ಸ್ವಲ್ಪ ಇಳಿಯುತ್ತಿತ್ತು. ನಿನ್ನ ಮಾತು ಜನ ಕೇಳಬೇಕಾದರೆ ಮೊದಲು ನೀನು ಅವರ ಮಾತು ಕೇಳು. ಅವರು ಹೇಗೆ ಬದುಕುತ್ತಾರೆ ಅಂತ ತಿಳಿಯಬೇಕಾದರೆ ಅವರು ಇರುವಲ್ಲಿಗೆ ಹೋಗು. ಆ ನಡಿಗೆಯಲ್ಲಿ ಅವರಿಗೆ ಸಿಕ್ಕ ಪಾಠ ಇದು. ಮುಂದೆ ಅಮೆರಿಕದಲ್ಲಿ ಐವತ್ತು ವರ್ಷ ಮಾಡಿದ್ದು ಇದನ್ನೇ. ಕಾಲೇಜು, ಚರ್ಚು, ಕಾರ್ಖಾನೆ, ಎಲ್ಲಿ ಹೋದರೂ ಭಾಷಣ ಚಿಕ್ಕದು. ಆಮೇಲೆ ಎಲ್ಲರೂ ಕೂತು ಮಾತಾಡುವುದೇ ಉದ್ದ.

ಇಲ್ಲಿ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮ ಟೈಲರ್ ಅಕ್ಕನ ಅಮ್ಮ ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದವರು. ಟೈಲರ್ ಅಕ್ಕ ಕೇಳಿದರು: "ಆ ರೈಲಿನ ಹೆಂಗಸರಿಗೆ ಹೆಸರಿಲ್ಲವಾ? ಅಮೆರಿಕದವರದ್ದು ಬಂದಾಗ ಹೆಸರು, ಊರು, ಕೆಲಸ ಎಲ್ಲ ಉಂಟು. ನಮ್ಮವರದ್ದು ಬಂದಾಗ ಬರೀ ಹೆಂಗಸರು." ನನಗೆ ಈ ಮಾತು ಸರಿ ಅನಿಸಿತು. ಈಗಲೂ ಅನಿಸುತ್ತದೆ. ರಾಮನಾಡಿನ ಭಾಗವೂ ಅಷ್ಟೇ. ಯಾರು ಯಾರನ್ನು ಕೊಂದರು, ಯಾಕೆ ಕೊಂದರು ಎಂಬುದು ನಮಗೆ ಬೇಕಾದಷ್ಟು ಸಿಗುವುದಿಲ್ಲ. ಕೂತು ಮಾತಾಡಿದರೆ ಭಾರ ಇಳಿಯುತ್ತದೆ, ನಿಜ. ಜಮೀನು, ಕೂಲಿ, ಬಾವಿ ಇವುಗಳ ಲೆಕ್ಕ ಅಲ್ಲೇ ಉಳಿಯುತ್ತದೆ. ಪುಸ್ತಕವನ್ನು ಎಷ್ಟು ಪ್ರೀತಿಯಿಂದ ಓದಿದೆವೋ ಅಷ್ಟೇ ಪ್ರೀತಿಯಿಂದ ಈ ಕೊರತೆಯನ್ನೂ ಹೇಳಬೇಕು. ಅಮೆರಿಕದ ಚುನಾವಣೆಗಳ ಅಧ್ಯಾಯ ನಮಗೆ ಅಷ್ಟೇನೂ ಹತ್ತಲಿಲ್ಲ. ಅದನ್ನು ಬೇಗ ದಾಟಿದೆವು.

ಆದರೆ ಆ ವೃತ್ತ ನಮ್ಮನ್ನು ಬಿಡಲಿಲ್ಲ. ಅಲ್ಲಿಯವರೆಗೆ ನಮ್ಮ ಬಳಗದಲ್ಲಿ ಇಂಗ್ಲಿಷ್ ಬರುವವರು ಕುರ್ಚಿಯಲ್ಲಿ ಕೂತು ಹೇಳುವುದು, ಉಳಿದವರು ಎದುರು ಕೂತು ಕೇಳುವುದು. ಮೂರನೇ ಶನಿವಾರ ಎಲ್ಲರೂ ಚಾಪೆ ಹಾಕಿ ಸುತ್ತ ಕೂತೆವು. ಒಂದೇ ನಿಯಮ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಎರಡು ವರ್ಷದಿಂದ ಬರುತ್ತಿದ್ದ ಒಬ್ಬರು ಅವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ. ಚಹಾ ಮಾಡಿ ತರುವುದು, ಲೋಟ ತೊಳೆಯುವುದು, ಹೋಗುವುದು. ಅವತ್ತು ಸರದಿ ಅವರ ಹತ್ತಿರ ಬಂದು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು. ಆಮೇಲೆ ಹೇಳಿದರು. ಮದುವೆಯಾಗಿ ಮೂವತ್ತೆರಡು ವರ್ಷ. ಒಬ್ಬರೇ ಬಸ್ಸಿನಲ್ಲಿ ಹೋದದ್ದು ಮೂರು ಕಡೆಗೆ ಮಾತ್ರ. ತವರುಮನೆ, ಆಸ್ಪತ್ರೆ, ದೇವಸ್ಥಾನ. ನಾಲ್ಕನೆಯದು ಈ ಚಾವಡಿ. "ಇಲ್ಲಿಗೆ ಬರುವಾಗ ಮಾತ್ರ ನನ್ನ ಕೈಯಲ್ಲಿ ಯಾರಿಗೂ ಕೊಡಲಿಕ್ಕೆ ಏನೂ ಇರುವುದಿಲ್ಲ" ಅಂದರು.

ಈ ಮಾತು ಕೇಳಿದ ಮೇಲೆ ಪ್ರಯಾಣ ಎಂಬುದರ ಅರ್ಥವೇ ನನಗೆ ಬೇರೆಯಾಯಿತು. ನಮ್ಮ ಕರಾವಳಿಯ ಹೆಂಗಸರು ಮನೆಯೊಳಗೆ ಕೂತವರಲ್ಲ. ದೋಣಿ ನಿಲ್ಲುವ ದಕ್ಕೆಯಿಂದ ಮೀನು ಹೊತ್ತು ಊರೂರು ತಿರುಗಿದವರು. ಕಟ್ಟಿದ ಬೀಡಿ ಹಿಡಿದು ಬೀಡಿ ಕಂಪನಿಯ ಬ್ರಾಂಚಿಗೆ ನಡೆದವರು. ನಡೆದ ಮೈಲಿ ಲೆಕ್ಕ ಹಾಕಿದರೆ ಯಾವ ಪ್ರವಾಸಿಗಿಂತಲೂ ಜಾಸ್ತಿ. ಆದರೆ ಅದೆಲ್ಲ ಕೆಲಸದ ದಾರಿ, ಮನೆಯವರಿಗಾಗಿ ನಡೆದ ದಾರಿ. ತನಗೇ ಅಂತ ನಡೆದ ದಾರಿ ಎಷ್ಟು? ನಾವು ಹನ್ನೊಂದು ಜನ ಅವತ್ತು ಈ ಲೆಕ್ಕ ಹಾಕಿದೆವು. ಲೆಕ್ಕ ಬೇಗ ಮುಗಿಯಿತು.

ಯಾವಾಗ ಹೊರಡಬೇಕು, ಯಾವಾಗ ಬರಬೇಕು ಅಂತ ತೀರ್ಮಾನ ಮಾಡುವವರು ಯಾರು ಎಂಬ ಮಾತೂ ಬಂತು. 2009ರ ಜನವರಿಯಲ್ಲಿ ನಮ್ಮ ಇದೇ ಊರಿನ ಒಂದು ಪಬ್ಬಿನಲ್ಲಿ ಹುಡುಗಿಯರನ್ನು ಎಳೆದಾಡಿ ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಗ ಕಾಲೇಜಿನಲ್ಲಿದ್ದ ನಮ್ಮ ಗೆಳತಿಯೊಬ್ಬಳು ಹೇಳಿದಳು: "ನಾನು ಪಬ್ಬಿಗೆ ಹೋದವಳೇ ಅಲ್ಲ. ಆದರೂ ಮರುದಿನದಿಂದ ನಾನು ಸಂಜೆ ಆರಕ್ಕೆ ಮನೆಯಲ್ಲಿರಬೇಕು ಅಂತಾಯಿತು. ಲೈಬ್ರರಿ ಬಿಟ್ಟೆ." ಹೊಡೆತ ಬಿದ್ದದ್ದು ಕೆಲವರ ಮೇಲೆ. ಬಾಗಿಲು ಮುಚ್ಚಿದ್ದು ಎಷ್ಟು ಮನೆಗಳಲ್ಲಿ ಅಂತ ಯಾರೂ ಎಣಿಸಲಿಲ್ಲ.

ಬಸ್ಸಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಸ್ಟೈನಮ್ ಕಾರು ಓಡಿಸುವುದಿಲ್ಲ. ಒಬ್ಬಳೇ ಕಾರಿನೊಳಗೆ ಕೂತರೆ ಯಾರ ಮಾತೂ ಕೇಳಲು ಸಿಗುವುದಿಲ್ಲ ಅನ್ನುತ್ತಾರೆ. ಟ್ಯಾಕ್ಸಿ ಡ್ರೈವರುಗಳು, ವಿಮಾನದ ಪರಿಚಾರಕಿಯರು ಹೇಳಿದ ಕಥೆಗಳೇ ಪುಸ್ತಕದಲ್ಲಿ ಎಷ್ಟೋ ಪುಟ. ನಾನು ಹನ್ನೆರಡು ವರ್ಷದಿಂದ ಸ್ಕೂಟರಿನಲ್ಲಿ ಓಡಾಡುವವಳು. ಸ್ಕೂಟರು ನನಗೆ ಕೊಟ್ಟ ಸ್ವಾತಂತ್ರ್ಯ ದೊಡ್ಡದು, ಅದನ್ನು ಬಿಡುವುದಿಲ್ಲ. ಆದರೂ ಆ ವಾರ ಬೇಕೆಂದೇ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸು ಹತ್ತಿದೆ. ಕಂಡಕ್ಟರ್ "ದುಂಬು ಪೋಲೆ ಅಕ್ಕಾ", ಮುಂದೆ ಹೋಗಿ ಅಕ್ಕಾ, ಅಂತ ತುಳುವಿನಲ್ಲಿ ಕೂಗಿದ. ಮುಂದಿನ ಹೆಂಗಸರ ಸೀಟು. ಪಕ್ಕದಲ್ಲಿ ಮೀನು ಮಾರಿ ಬಂದ ಒಬ್ಬರು. ಕೈ ಖಾಲಿ. ಬುಟ್ಟಿ ಎಲ್ಲಿ ಅಂತ ಕೇಳಿದೆ. "ಅಲ್ಲೇ ಅಂಗಡಿಯಲ್ಲಿ ಇಟ್ಟು ಬರುವುದು ಮಾರಾಯ್ರೆ. ಬುಟ್ಟಿ ಉಂಟಾದರೆ ಹತ್ತಿಸುವುದಿಲ್ಲ. ಬೆಳಿಗ್ಗೆ ನಾವು ನಾಲ್ಕು ಜನ ಸೇರಿ ರಿಕ್ಷಾ ಮಾಡುವುದು" ಅಂದರು. ಬಾಡಿಗೆ ಹೇಗೆ ಹಂಚುತ್ತಾರೆ, ಮಳೆಗಾಲದಲ್ಲಿ ದೋಣಿ ಇಳಿಯದಾಗ ಏನು ಮಾಡುತ್ತಾರೆ, ಎಲ್ಲ ಹೇಳಿದರು. ಇಪ್ಪತ್ತು ನಿಮಿಷ. ಹನ್ನೆರಡು ವರ್ಷ ಅವರ ಪಕ್ಕದಲ್ಲೇ ಸ್ಕೂಟರ್ ಓಡಿಸಿಕೊಂಡು ಹೋಗಿದ್ದೇನೆ. ಇದೊಂದೂ ನನಗೆ ಗೊತ್ತಿರಲಿಲ್ಲ.

2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದೇ ಶಕ್ತಿ ಯೋಜನೆ, ನಿಮಗೆ ಗೊತ್ತು. ಘಟ್ಟದ ಮೇಲಿನ ಗೆಳತಿಯರು ಎಲ್ಲೆಲ್ಲೋ ಹೋಗಿಬಂದ ಫೋಟೋ ಕಳಿಸುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಓಡುವುದು ಬಹಳಷ್ಟು ಖಾಸಗಿ ಬಸ್ಸು. ನರ್ಮ್ ಬಸ್ಸು ಅಂತ ನಾವು ಕರೆಯುವ ಸರಕಾರಿ ಸಿಟಿ ಬಸ್ಸು ಎಲ್ಲ ಊರಿಗೂ ಬರುವುದಿಲ್ಲ. ನಮ್ಮ ಟೈಲರ್ ಅಕ್ಕ ಈಗಲೂ ದಿನಾ ಟಿಕೆಟ್ ತೆಗೆದುಕೊಂಡೇ ಬರುತ್ತಾರೆ. ಶಕ್ತಿ ಯೋಜನೆಯ ಬಗ್ಗೆ ಪರ ವಿರೋಧ ಮಾತಾಡುವವರು ಕರಾವಳಿಯ ಈ ಸಂಗತಿಯನ್ನೂ ಗಮನಿಸಬೇಕು ಅಂತ ನನ್ನ ಕೋರಿಕೆ.

ಇನ್ನು ನಮ್ಮ ಊರಿನವರೇ ಆದ ಒಬ್ಬರ ಬಗ್ಗೆ. ಈ ಪುಸ್ತಕದಲ್ಲಿ ಅವರು ಬಂದಾಗ ನಾವು ಚಾಪೆಯ ಮೇಲೆ ನೆಟ್ಟಗೆ ಕೂತೆವು. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು. ಸ್ಟೈನಮ್ ಮತ್ತು ಅವರ ಗೆಳತಿ, ಮೈಸೂರಿನ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್, ಇಬ್ಬರೂ ಸೇರಿ ಕಮಲಾದೇವಿಯವರನ್ನು ಕಾಣಲು ಹೋಗುತ್ತಾರೆ. ಗಾಂಧೀಜಿಯವರ ಹೋರಾಟದ ರೀತಿಗಳನ್ನು ಹೆಂಗಸರ ಚಳವಳಿಗೆ ಹೇಗೆ ಬಳಸಬಹುದು ಅಂತ ಇವರ ಯೋಚನೆ. ಕಮಲಾದೇವಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಗಾಂಧಿಗೆ ಅದನ್ನೆಲ್ಲ ಕಲಿಸಿದ್ದೇ ನಾವು ಹೆಂಗಸರು ಎಂಬ ಅರ್ಥದ ಮಾತು ಹೇಳುತ್ತಾರೆ. ಹೇಳುವ ಹಕ್ಕು ಅವರಿಗಿತ್ತು. 1930ರಲ್ಲಿ ದಂಡಿಗೆ ಹೊರಟ ಗಾಂಧೀಜಿಯವರ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಲೇಬೇಕು ಅಂತ ಅವರ ಹತ್ತಿರ ವಾದ ಮಾಡಿ ಒಪ್ಪಿಸಿದವರಲ್ಲಿ ಕಮಲಾದೇವಿ ಮುಖ್ಯರು. ಬೊಂಬಾಯಿಯಲ್ಲಿ ತಾವೇ ಉಪ್ಪು ಮಾರಿ ಜೈಲಿಗೂ ಹೋದರು.

ಅವರದ್ದೂ ಒಂದು ರೈಲಿನ ಕಥೆ ಇದೆ. ಅದು ಸ್ಟೈನಮ್ ಪುಸ್ತಕದ್ದಲ್ಲ, ನಾನು ಬೇರೆ ಕಡೆ ಓದಿ ಬಳಗದಲ್ಲಿ ಹೇಳಿದ್ದು. 1941ರಲ್ಲಿ ಅವರು ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಕೂತದ್ದು ಬಿಳಿಯರಿಗೆ ಮೀಸಲಾದ ಡಬ್ಬಿ. ಟಿಕೆಟ್ ನೋಡುವವನು ಬಂದು ಎದ್ದು ಹೋಗು ಅಂದ. ಇವರು ಏಳಲಿಲ್ಲ. ಅವನು ಹೋಗಿ ತಿರುಗಿ ಬಂದ. ಯಾವ ದೇಶದವಳು ಅಂತ ಕೇಳಿದ. ಭಾರತದವಳು ಅಂದರೆ ಅವನು ಬಿಟ್ಟುಬಿಡುತ್ತಿದ್ದ, ಅದು ಇವರಿಗೂ ಗೊತ್ತು. ಹಾಗೆ ಹೇಳಿ ಪಾರಾಗುವ ಮನಸ್ಸು ಅವರಿಗಿರಲಿಲ್ಲ. ನಾನು ಕಪ್ಪು ಬಣ್ಣದವಳು, ಇಲ್ಲಿಂದ ಏಳುವುದಿಲ್ಲ ಎಂದರು. ಕೊನೆಗೆ ಅವನೇ ಸುಮ್ಮನಾದ. ಅಮೆರಿಕದ ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತದ್ದು 1955ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲು ಮಂಗಳೂರಿನ ಹೆಂಗಸೊಬ್ಬರು ಪರದೇಶದ ರೈಲಿನಲ್ಲಿ ಹಾಗೆ ಕೂತಿದ್ದರು.

ಇಲ್ಲಿಂದ ಅಲ್ಲಿಗೆ ಹೋದವರು ಒಬ್ಬರು, ಅಲ್ಲಿಂದ ಇಲ್ಲಿಗೆ ಬಂದವರು ಒಬ್ಬರು. ಇಬ್ಬರಿಗೂ ದೊಡ್ಡ ಪಾಠ ಸಿಕ್ಕಿದ್ದು ಊರಿನವರು ಕೂರುವ ಸೀಟಿನಲ್ಲಿ ಕೂತಾಗ. ನಮ್ಮ ಹುಡುಗಿ ಕೇಳಿದಳು: "ಇವರ ಬಗ್ಗೆ ನಮಗೆ ಶಾಲೆಯಲ್ಲಿ ಯಾಕೆ ಹೇಳಲಿಲ್ಲ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಪುಸ್ತಕದ ಮೊದಲಿಗೇ ಬರುವ ಒಂದು ಪ್ರಸಂಗವನ್ನು ಕೊನೆಗೆ ಅಂತ ಇಟ್ಟುಕೊಂಡಿದ್ದೆ. ದಕ್ಷಿಣ ಡಕೋಟದಲ್ಲಿ ಬೈಕಿನವರ ದೊಡ್ಡ ಜಾತ್ರೆ. ಎಲ್ಲಿ ನೋಡಿದರೂ ಚರ್ಮದ ಜಾಕೆಟ್, ಸರಪಳಿ. ತಿಂಡಿ ತಿನ್ನುವಲ್ಲಿ ಅಂಥ ಒಂದು ಜೋಡಿ ಸ್ಟೈನಮ್ ಅವರ ಗುರುತು ಹಿಡಿಯುತ್ತದೆ. ಇವರಿಗೆ ಒಳಗೊಳಗೇ ಹೆದರಿಕೆ. ಆ ಹೆಂಗಸು ಬಂದು, ನಿಮ್ಮ ಪತ್ರಿಕೆಯಿಂದ ನನಗೆ ಎಷ್ಟು ಉಪಕಾರವಾಯಿತು ಅನ್ನುತ್ತಾಳೆ. ವರ್ಷಗಟ್ಟಲೆ ಗಂಡನ ಹಿಂದೆ ಕೂತು ಹೋದವಳು. ಮಕ್ಕಳು ದೊಡ್ಡವರಾದ ಮೇಲೆ ಇನ್ನು ಹಿಂದೆ ಕೂರುವುದಿಲ್ಲ ಅಂದಳು. ಕಿಟಕಿಯಾಚೆ ನಿಂತಿದ್ದ ನೇರಳೆ ಬಣ್ಣದ ದೊಡ್ಡ ಹಾರ್ಲಿ ಬೈಕನ್ನು ತೋರಿಸುತ್ತಾಳೆ. ಅದು ಅವಳದ್ದು.

ಪುಸ್ತಕ ಮುಗಿಯುವುದು ಮನೆಯಲ್ಲಿ. ಐವತ್ತು ದಾಟಿದ ಮೇಲೆ ಸ್ಟೈನಮ್‌ಗೆ ತನಗೂ ಒಂದು ಮನೆ ಬೇಕು ಅನಿಸುತ್ತದೆ. ಅಪ್ಪನಿಗೆ ದಾರಿ ಇತ್ತು, ಮನೆ ಇರಲಿಲ್ಲ. ಅಮ್ಮನಿಗೆ ಮನೆ ಇತ್ತು, ತನ್ನದೇ ದಾರಿ ಇರಲಿಲ್ಲ. ಒಂದಕ್ಕಾಗಿ ಇನ್ನೊಂದನ್ನು ಅವರಿಬ್ಬರೂ ಬಿಡಬೇಕಾಗಿರಲಿಲ್ಲ ಅಂತ ಬರೆಯುತ್ತಾರೆ. ಈ ಪುಟ ಓದಿ ಹೇಳಿದಾಗ, ಬೊಂಬಾಯಿಯ ಅಡ್ರೆಸ್ಸಿನ ಕಥೆ ಹೇಳಿದ್ದ ಗೆಳತಿ ಎದ್ದು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಬಂದು ಕೂತರು. ನಾವು ಏನೂ ಕೇಳಲಿಲ್ಲ.

ಮುಂದಿನ ತಿಂಗಳಿಂದ ನಾವು ಕಮಲಾದೇವಿಯವರ ಆತ್ಮಕಥೆ ಓದುತ್ತೇವೆ. ಅದೂ ಇಂಗ್ಲಿಷಿನಲ್ಲೇ ಬರೆದದ್ದು, ಹಾಗಾಗಿ ಮತ್ತೆ ಚಾಪೆ ಹಾಕಿ ಹೇಳಿಕೊಂಡೇ ಓದುವುದು. ನಿಮ್ಮ ಹತ್ತಿರ ಒಂದು ಸಹಾಯ ಕೇಳುತ್ತೇನೆ. 1926ರಲ್ಲಿ ಅವರು ಮದ್ರಾಸ್ ವಿಧಾನ ಪರಿಷತ್ತಿಗೆ ನಮ್ಮ ಜಿಲ್ಲೆಯಿಂದಲೇ ಚುನಾವಣೆಗೆ ನಿಂತಿದ್ದರು. ಸ್ವಲ್ಪವೇ ಮತಗಳಿಂದ ಸೋತರು. ಆಗ ಮತ ಕೇಳಲು ಈ ಬೀದಿಗಳಲ್ಲೇ ತಿರುಗಿರಬೇಕು. ನಿಮ್ಮ ಮನೆಯಲ್ಲಿ ಅಜ್ಜಿಯೋ, ಅಜ್ಜಿಯ ಅಕ್ಕನೋ ಆ ಬಗ್ಗೆ ಏನಾದರೂ ಹೇಳಿದ್ದುಂಟಾ? ಯಾವ ಮನೆಗೆ ಬಂದಿದ್ದರು, ಯಾವ ಜಗಲಿಯಲ್ಲಿ ಕೂತರು, ಯಾರು ಬಾಗಿಲು ತೆಗೆದರು, ಯಾರು ತೆಗೆಯಲಿಲ್ಲ, ಎಷ್ಟು ಚಿಕ್ಕ ನೆನಪಾದರೂ ಸರಿ. ಮನೆಗೆ ಹೋಗಿ ಕೇಳಿ. ಎರಡನೇ ಶನಿವಾರ ಮೂರು ಗಂಟೆಗೆ ಬಂದು ನಮಗೆ ಹೇಳಿ.